ಚೀಟಿ ಇಲ್ಲದ ಪ್ರಯಾಣಿಕ

ಬಂದರಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಅತ್ತಿಗೆ ಎಂದೇ. ನಿಜಕ್ಕೂ ಅವರು ಅತ್ತಿಗೆಯಾಗಿದ್ದುದು ಒಬ್ಬನಿಗೆ ಮಾತ್ರ, ಕಾರು ಕಂಪನಿ ನಡೆಸುವ ಮೈದುನನಿಗೆ. ಅವನು ದಿನಕ್ಕೆ ನೂರು ಸಲ 'ಅತ್ತಿಗೇ, ಎಂಟು ಗಂಟೆ ಗಾಡಿ ಯಾವುದು', 'ಅತ್ತಿಗೇ, ಬೀಗದಕೈ ಎಲ್ಲಿ' ಎಂದು ಕೂಗುತ್ತಿದ್ದುದರಿಂದ ಚಾಲಕರ ಬಾಯಿಗೂ ಅದೇ ಬಂತು. ಚಾಲಕರಿಂದ ಎದುರಿನ ಟಯರ್ ಅಂಗಡಿಯವನಿಗೆ, ಅವನಿಂದ ಬಂದರಿನ ಕಾವಲುಗಾರರಿಗೆ ಹಬ್ಬಿತು. ಕೊನೆಗೆ ಅವರ ತಂದೆಯ ವಯಸ್ಸಿನ ಸುಂಕದ ಅಧಿಕಾರಿಯೊಬ್ಬರೂ 'ಹೇಗಿದ್ದೀರಿ ಅತ್ತಿಗೆ' ಎಂದು ಕೇಳಿದ ದಿನ, ಇನ್ನು ಯಾರನ್ನೂ ತಿದ್ದಿ ಪ್ರಯೋಜನವಿಲ್ಲ ಎಂದು ಅತ್ತಿಗೆ ಕೈಬಿಟ್ಟರು.

ಅವರ ಕೆಲಸ ಕೇಳುವುದಕ್ಕೆ ಸುಲಭ. ಪ್ರವಾಸಿ ಹಡಗಿನಲ್ಲಿ ಬಂದವರನ್ನು ಬಂದರಿನಿಂದ ವಿಮಾನ ನಿಲ್ದಾಣಕ್ಕೆ ಮುಟ್ಟಿಸುವ ಕಾರುಗಳನ್ನು ಬುಕ್ ಮಾಡಿಕೊಳ್ಳುವುದು. ಹಡಗು ಬಂದ ದಿನ ಎರಡು ಮೂರು ಸಾವಿರ ಜನ ಒಂದೇ ಬೆಳಿಗ್ಗೆ ಇಳಿಯುತ್ತಾರೆ. ಹೆಚ್ಚಿನವರು ಬಸ್ಸು ಹತ್ತುತ್ತಾರೆ. ಬಸ್ಸಿನ ಕ್ಯೂ ನೆನೆದೇ ಬೆವರುವವರು ತಮಗೆಂದೇ ಒಂದು ಕಾರು ಮೊದಲೇ ಹೇಳಿಟ್ಟಿರುತ್ತಾರೆ. ಹಾಗೆ ಹೇಳಿದ್ದೆಲ್ಲ ಬಂದು ಬೀಳುವುದು ಅತ್ತಿಗೆಯ ಮೇಜಿಗೆ. ಮೇಜಿನ ಮೇಲೆ ಒಂದು ಕಂಪ್ಯೂಟರು, ಎರಡು ಫೋನು, ಮತ್ತು ಯಾರೂ ಮುಟ್ಟಕೂಡದ ಒಂದು ಉದ್ದ ನೋಟ್‌ಬುಕ್ಕು.

ಹದಿನಾಲ್ಕು ವರ್ಷದಲ್ಲಿ ಅತ್ತಿಗೆ ಕಲಿತ ಮೊದಲ ಪಾಠವೆಂದರೆ, ಪ್ರಯಾಣಿಕರು ಬರೆಯುವ ವೇಳೆಯನ್ನು ನಂಬಬಾರದು. ಹಡಗು ಆರಕ್ಕೆ ಬಂದರೆ ಆರೂಕಾಲಿಗೆ ಕಾರಿನಲ್ಲಿ ಕೂತಿರುತ್ತೇವೆ ಅಂದುಕೊಳ್ಳುವ ಪುಣ್ಯಾತ್ಮರು ಅವರು. ನಡೆಯುವುದೇ ಬೇರೆ. ಇಳಿಯುವ ಹಿಂದಿನ ದಿನ ಹಡಗಿನವರು ಪ್ರತಿ ಕುಟುಂಬಕ್ಕೂ ಬಣ್ಣದ ಚೀಟಿ ಕೊಟ್ಟು, ಅದನ್ನು ಪೆಟ್ಟಿಗೆಗಳಿಗೆ ಕಟ್ಟಿ ಕೋಣೆಯ ಹೊರಗೆ ಇಡಿ ಎನ್ನುತ್ತಾರೆ. ಬೆಳಿಗ್ಗೆ ಬಣ್ಣಬಣ್ಣವಾಗಿ ಕರೆದು ಇಳಿಸುತ್ತಾರೆ. ಹಳದಿಯವರು ಎಂಟಕ್ಕೆ, ಹಸಿರಿನವರು ಎಂಟೂವರೆಗೆ, ಕಂದು ಬಣ್ಣದವರು ದೇವರು ಬಿಟ್ಟಾಗ. ತಮ್ಮ ಪೆಟ್ಟಿಗೆ ತಾವೇ ಹೊತ್ತುಕೊಂಡು ಇಳಿಯುತ್ತೇವೆ ಎನ್ನುವ ಅವಸರದವರಿಗೆ ಚೀಟಿಯೇ ಇಲ್ಲ. ಅವರು ಎಲ್ಲರಿಗಿಂತ ಮೊದಲು, ಏಳಕ್ಕೆಲ್ಲ ಹೊರಗಿರುತ್ತಾರೆ.

ಆದ್ದರಿಂದ ಅತ್ತಿಗೆ ಯಾರನ್ನೂ ಎಷ್ಟು ಗಂಟೆಗೆ ಎಂದು ಕೇಳುವುದಿಲ್ಲ. ಅವರು ಕೇಳುವುದು ಒಂದೇ: "ನಿಮ್ಮ ಚೀಟಿ ಯಾವ ಬಣ್ಣ?" ಉತ್ತರ ಬಂದೊಡನೆ ಗ್ರಾಹಕರು ಬರೆದ ವೇಳೆಯನ್ನು ಹೊಡೆದುಹಾಕಿ ತಮ್ಮದನ್ನು ಬರೆಯುತ್ತಾರೆ. ಅದು ಹತ್ತು ನಿಮಿಷವೂ ಆಚೀಚೆಯಾಗುವುದಿಲ್ಲ. ಬೇರೆ ಕಂಪನಿಗಳ ಚಾಲಕರು ಬಿಸಿಲಲ್ಲಿ ಎರಡೆರಡು ಗಂಟೆ ಒಣಗುವಾಗ ಇವರ ಚಾಲಕರು ಆರಾಮವಾಗಿ ಬಂದು, ಹೆಸರಿನ ಫಲಕ ಎತ್ತಿ, ಗಿರಾಕಿಯನ್ನು ಕೂರಿಸಿಕೊಂಡು ಹೋಗುತ್ತಾರೆ. ಇದರ ಬಗ್ಗೆ ಅತ್ತಿಗೆಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಎನ್ನುವುದು ನಾನು ಮರ್ಯಾದೆಗೆ ಹೇಳಿದ ಮಾತು.

ಆ ವಾರದ ಬುಕಿಂಗುಗಳಲ್ಲಿ ಒಂದು ಹೀಗಿತ್ತು: 'ಒಬ್ಬನೇ. ಒಂದೇ ಬ್ಯಾಗು. ಸಣ್ಣ ಕಾರು ಸಾಕು. ಏಳೂ ಮುಕ್ಕಾಲಿಗೆ ಹೊರಗೆ ಬರುತ್ತೇನೆ. ಹನ್ನೊಂದೂಕಾಲಿನ ವಿಮಾನ ತಪ್ಪುವಂತಿಲ್ಲ ಮೇಡಂ. ಮರುದಿನ ಬೆಳಿಗ್ಗೆ ಅಮ್ಮನಿಗೆ ಆಪರೇಷನ್. ನಾನು ಮುಂದೆ ನಿಲ್ಲದೆ ಅವರು ಒಪ್ಪುವುದಿಲ್ಲ. ನಮ್ಮೂರಿಗೆ ಮುಂದಿನ ವಿಮಾನ ಮೂರು ದಿನ ಬಿಟ್ಟು.'

ವಿಮಾನ ತಪ್ಪುವಂತಿಲ್ಲ ಎಂದು ಬರೆಯದ ಗಿರಾಕಿಯನ್ನು ಅತ್ತಿಗೆ ಈವರೆಗೆ ಕಂಡಿರಲಿಲ್ಲ. ಆದರೂ ಅಮ್ಮನ ಮಾತು ಓದಿ, ಇದನ್ನು ಸರಿಯಾಗಿ ನೋಡಿಕೊಳ್ಳಬೇಕು ಅಂದುಕೊಂಡರು. ಎಂದಿನಂತೆ ಬಣ್ಣ ಕೇಳಿದರು. 'ಚೀಟಿ ಇಲ್ಲ ಮೇಡಂ. ಕಾಗದ ಕೈಗೆ ಬಂದ ತಕ್ಷಣ ಇಳಿಯುತ್ತೇನೆ' ಎಂದು ಉತ್ತರ ಬಂತು. ಚೀಟಿ ಇಲ್ಲ ಎಂದರೆ ಅವಸರದವರ ಗುಂಪು. ಪಾಪ, ಏಳಕ್ಕೇ ಹೊರಗೆ ಬರುವವನು ತನಗೆ ತಿಳಿಯದೆ ಏಳೂ ಮುಕ್ಕಾಲು ಅಂದಿದ್ದಾನೆ ಎಂದು ಮರುಗಿ, ಅತ್ತಿಗೆ ನೋಟ್‌ಬುಕ್ಕಿನಲ್ಲಿ ವೇಳೆ ಹೊಡೆದು ಏಳು ಎಂದು ಬರೆದರು. ಕಂಪನಿಯಲ್ಲೇ ಹಳೆಯ ಚಾಲಕನನ್ನು ಆ ಕೆಲಸಕ್ಕೆ ಹಾಕಿದರು.

ಆ ಚಾಲಕನಿಗೆ ಎಲ್ಲರೂ ಇಟ್ಟ ಹೆಸರು ಐದ್ನಿಮಿಷ. ಎಲ್ಲಿದ್ದೀಯಪ್ಪಾ ಎಂದರೆ 'ಐದ್ನಿಮಿಷ' ಅನ್ನುತ್ತಾನೆ. ಮನೆಯಲ್ಲಿ ಹಲ್ಲುಜ್ಜುತ್ತಿದ್ದರೂ ಐದೇ ನಿಮಿಷ, ಬಾಗಿಲಲ್ಲಿ ನಿಂತಿದ್ದರೂ ಐದೇ ನಿಮಿಷ. ಆದರೆ ಸ್ಟೀರಿಂಗ್ ಹಿಡಿದರೆ ಅವನಷ್ಟು ನೆಚ್ಚಿಕೆಯವನು ಇನ್ನೊಬ್ಬನಿಲ್ಲ.

ಹಡಗು ಬಂದ ದಿನ ಅತ್ತಿಗೆ ಐದೂವರೆಗೇ ಆಫೀಸು ತೆರೆದಿದ್ದರು. ಆಫೀಸು ಎಂದರೆ ಬಂದರಿನ ಹಿಂಬದಿಯ ಬೀದಿಯಲ್ಲಿ ಒಂದು ಕೋಣೆ. ಬಾಗಿಲು ಅಂಗಡಿ ಸಾಲಿನ ಕಡೆಗೆ. ಹಿಂದಿನ ಗೋಡೆಯಲ್ಲಿ ಒಂದು ಕಿಟಕಿಯಿತ್ತು. ಸಂಜೆ ಬಿಸಿಲು ಅದರಿಂದ ನೇರ ಕಂಪ್ಯೂಟರಿಗೆ ಬಡಿದು ಅಕ್ಷರವೇ ಕಾಣುತ್ತಿರಲಿಲ್ಲ ಎಂದು ಆರು ವರ್ಷದ ಹಿಂದೆ ಕಬ್ಬಿಣದ ಬೀರುವನ್ನು ಅದಕ್ಕೆ ಅಡ್ಡವಾಗಿ ನಿಲ್ಲಿಸಿದ್ದರು. ಅಲ್ಲೊಂದು ಕಿಟಕಿಯಿದೆ ಎಂಬುದೇ ಈಗ ಯಾರಿಗೂ ನೆನಪಿರಲಿಲ್ಲ.

ಏಳೂ ನಲವತ್ತಕ್ಕೆ ಐದ್ನಿಮಿಷನ ಫೋನು ಬಂತು.

"ಅತ್ತಿಗೆ, ನಿಮ್ಮ ಒಂದೇ ಬ್ಯಾಗಿನ ಗಿರಾಕಿ ಪತ್ತೆ ಇಲ್ಲ. ಕೈಲಿ ಪೆಟ್ಟಿಗೆ ಹಿಡಕೊಂಡವರೆಲ್ಲ ಹೋಗಿ ಆಯ್ತು."

"ಇರು, ಬರ್ತಾರೆ. ದುಡ್ಡು ಕೊಟ್ಟಾಗಿದೆ ಅಂತ ಕೊನೇ ತಿಂಡಿ ತಿಂದೇ ಇಳಿಯೋರೂ ಇರ್ತಾರೆ."

"ನಾಳೆ ಮಧ್ಯಾಹ್ನದ ಊಟಾನೂ ಕಟ್ಟಿಸ್ಕೊಳ್ತಿದಾನೇನೋ" ಎಂದು ಅವನು ಫೋನಿಟ್ಟ.

ಎಂಟೂ ಹತ್ತಕ್ಕೆ ಮತ್ತೆ ಫೋನು. ಹಳದಿ ಚೀಟಿಯವರೂ ಬರತೊಡಗಿದ್ದರು. ಗಿರಾಕಿ ಬರದಿದ್ದರೆ ಒಂದು ಗಂಟೆ ಕಾದು ಫಲಕ ಮಡಚುವುದು ಕಂಪನಿಯ ಪದ್ಧತಿ. ಒಂಬತ್ತೂವರೆಗೆ ಅದೇ ಕಾರಿಗೆ ನಾಲ್ಕು ಪೆಟ್ಟಿಗೆಯ ಕುಟುಂಬ ಬೇರೆ ಇತ್ತು.

"ಏನ್ ಮಾಡ್ಲಿ ಅತ್ತಿಗೆ? ಮಡಚ್ಲಾ?"

"ಎರಡು ನಿಮಿಷ ತಾಳು" ಎಂದು ಅತ್ತಿಗೆ ಕಂಪ್ಯೂಟರಿನಲ್ಲಿ ಆ ಬುಕಿಂಗನ್ನು ಮತ್ತೆ ತೆಗೆದರು. ಗಿರಾಕಿಗೆ ಫೋನು ಮಾಡಿ ನೋಡಿದರು, ಹೋಗಲಿಲ್ಲ. ಹಡಗಿನಲ್ಲಿರುವಷ್ಟು ಹೊತ್ತು ಹಡಗಿನ ಇಂಟರ್ನೆಟ್ಟು. ಇಳಿದ ಮೇಲೆ ಈ ದೇಶದ ಸಿಮ್ಮು ಇಲ್ಲದವನ ಫೋನು ಬರೀ ಗಡಿಯಾರ. ಅವನ ಮಾತುಗಳನ್ನು ಮೇಲಿನಿಂದ ಓದಿದರು. ಕೋಣೆಯ ಸಂಖ್ಯೆ ಸೊನ್ನೆಯಿಂದ ಶುರುವಾಗಿತ್ತು. ಹಡಗಿನಲ್ಲಿ ನೀರಿಗಿಂತ ಕೆಳಗಿನ ಅಂತಸ್ತು ಅದು. ಅಲ್ಲಿ ಪ್ರಯಾಣಿಕರ ಕೋಣೆಯೇ ಇರುವುದಿಲ್ಲ. ಅದರ ಕೆಳಗೆ 'ಕಾಗದ ಕೈಗೆ ಬಂದ ತಕ್ಷಣ' ಎಂದಿತ್ತು.

ಅತ್ತಿಗೆ ಆ ಸಾಲನ್ನು ಇನ್ನೊಮ್ಮೆ ಓದಿದರು.

ಪ್ರಯಾಣಿಕರಿಗೆ ಯಾರೂ ಕಾಗದ ಕೊಡುವುದಿಲ್ಲ. ಬಿಡುಗಡೆಯ ಕಾಗದ ಕೊಡುವುದು ಹಡಗಿನಲ್ಲಿ ದುಡಿಯುವವರಿಗೆ, ಅವರ ಕರಾರು ಮುಗಿದ ದಿನ. ಅವರು ಇಳಿಯುವುದು ಮುಂದಿನ ಗಾಜಿನ ಕಟ್ಟಡದಿಂದಲ್ಲ, ಹಿಂದಿನ ಕಬ್ಬಿಣದ ಗೇಟಿನಿಂದ. ಅವರಿಗೆ ಚೀಟಿಯೂ ಇಲ್ಲ, ಬಣ್ಣವೂ ಇಲ್ಲ. ಹಡಗು ಕಂಪನಿಯ ಏಜೆಂಟರ ವ್ಯಾನು ಬಂದು ಎಲ್ಲರನ್ನೂ ತುಂಬಿಕೊಂಡು ಹೋಗುತ್ತದೆ. ಕೊನೆಯವನ ಕಾಗದ ಆಗುವ ತನಕ ಅದು ಅಲುಗುವುದಿಲ್ಲ, ಹನ್ನೆರಡು ಗಂಟೆಯಾದರೂ ಸರಿಯೇ. ಈ ಗಿರಾಕಿ ಅದಕ್ಕೇ ಹೆದರಿ ತನ್ನ ಪಾಡಿಗೆ ಕಾರು ಹೇಳಿದ್ದಾನೆ.

ಇದು ಬೇರೆ ಯಾರಿಗಾದರೂ ಹೊಳೆಯದಿದ್ದರೆ ಕ್ಷಮಿಸಬಹುದಿತ್ತು. ಅತ್ತಿಗೆಗೆ ಹೊಳೆಯಲಿಲ್ಲವಲ್ಲ, ಅದೇ ಅವರಿಗೆ ಮೈ ಪರಚಿಕೊಳ್ಳುವಂತಾಯಿತು. ಯಾಕೆಂದರೆ ಅವರ ಯಜಮಾನರು ಹನ್ನೆರಡು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿದ್ದವರು. ಮದುವೆಯಾದ ಹೊಸತರಲ್ಲಿ ಅತ್ತಿಗೆ ಅದೇ ಕಬ್ಬಿಣದ ಗೇಟಿನ ಮುಂದೆ, ಯಾವಾಗ ಕಾಗದ ಆಗಿ ಯಾವಾಗ ಹೊರಗೆ ಬರುತ್ತಾರೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದುಂಟು. ಕೊನೆಯ ಸಲ ಯಜಮಾನರು ಬಂದಿಳಿದಾಗ ಅವರ ತಾಯಿ ಊರಿನಲ್ಲಿ ಹಾಸಿಗೆ ಹಿಡಿದಿದ್ದರು, ನಾಲ್ಕು ಗಂಟೆಯ ದಾರಿ. ಯಾರೋ ಅಡುಗೆಯವನ ಕಾಗದದಲ್ಲಿ ಮೊಹರು ತಪ್ಪಿದೆ ಎಂದು ಏಜೆಂಟರ ವ್ಯಾನು ಮೂರು ಗಂಟೆ ನಿಂತಲ್ಲೇ ನಿಂತಿತ್ತು. ಯಜಮಾನರು ಅದರೊಳಗೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಊರು ಮುಟ್ಟುವ ಹೊತ್ತಿಗೆ ತಾಯಿ ಹೋಗಿ ಎರಡು ಗಂಟೆಯಾಗಿತ್ತು. ಕೊನೆಗಳಿಗೆಯಲ್ಲಿ 'ಬಂದನಾ' ಎಂದು ಕೇಳಿದರಂತೆ.

ಆಮೇಲೆ ಯಜಮಾನರು ಹಡಗು ಹತ್ತಲಿಲ್ಲ. ತಮ್ಮನನ್ನು ಜೊತೆಗೆ ಹಾಕಿಕೊಂಡು ಒಂದು ಹಳೆಯ ಕಾರು ಕೊಂಡು ಹಿಂದಿನ ಗೇಟಿನಲ್ಲಿ ನಿಲ್ಲಿಸಿದರು. ಅವಸರವಿರುವ ಹಡಗಿನ ಕೆಲಸದವರಿಗೆಂದೇ ಶುರುವಾದ ಕಂಪನಿ ಅದು. ಈ ಕೋಣೆಯನ್ನು ಬಾಡಿಗೆಗೆ ಹಿಡಿದದ್ದೂ ಅದಕ್ಕೇ: ಕಿಟಕಿಯಿಂದ ಗೇಟು ಕಾಣುತ್ತದೆ ಎಂದು. ಬರಬರುತ್ತಾ ಮುಂದಿನ ಗೇಟಿನವರು ಹೆಚ್ಚಾದರು, ಕಾರು ಒಂದಿದ್ದದ್ದು ಒಂಬತ್ತಾಯಿತು. ಯಜಮಾನರು, ಎಂಜಿನ್ ಸದ್ದಿನಿಂದ ಕೆಟ್ಟ ಕಿವಿಯ ಜೊತೆಗೆ ಮಂಡಿಯೂ ಕೈಕೊಟ್ಟು, ಮನೆ ಹಿಡಿದರು. ಹಿಂದಿನ ಗೇಟಿನಿಂದ ಒಬ್ಬನೂ ಕಾರು ಹೇಳದೆ ಎಷ್ಟೋ ವರ್ಷಗಳಾಗಿದ್ದವು.

ಅತ್ತಿಗೆ ಎದ್ದು ಬೀರುವಿನ ಹತ್ತಿರ ಹೋದರು. ಬೀರುವಿಗೂ ಗೋಡೆಗೂ ನಡುವೆ ನಾಲ್ಕು ಬೆರಳಿನಷ್ಟು ಸಂದಿ. ಸ್ಟೂಲು ಎಳೆದು, ಹತ್ತಿ, ಕೆನ್ನೆಯನ್ನು ಗೋಡೆಗೆ ಒತ್ತಿ ನೋಡಿದರು. ಧೂಳಿನ ಗಾಜಿನಾಚೆ ರಸ್ತೆ, ರಸ್ತೆಯಾಚೆ ಗೇಟು. ಗೇಟಿನ ಕಂಬಕ್ಕೆ ಒತ್ತಿಕೊಂಡು ಬೂದು ಅಂಗಿಯ ಒಬ್ಬ ಮನುಷ್ಯ, ಪಕ್ಕದಲ್ಲಿ ನೀಲಿ ಬ್ಯಾಗು. ಬರುವ ಒಂದೊಂದು ಕಾರಿಗೂ ಒಂದು ಹೆಜ್ಜೆ ಮುಂದೆ ಬಂದು, ಅದು ಹೋದ ಮೇಲೆ ಮತ್ತೆ ಕಂಬದ ಹತ್ತಿರ ಹೋಗಿ ನಿಲ್ಲುತ್ತಿದ್ದ.

"ಇಲ್ಲೇ ಇದಾನಲ್ಲೋ! ನನ್ನ ಬೆನ್ನ ಹಿಂದೇನೇ ನಿಂತಿದಾನೆ!" ಎಂದು ಅತ್ತಿಗೆ ಫೋನಿಗೆ ಕೂಗಿದರು. "ಹಿಂದಿನ ಗೇಟು ಕಣೋ. ಹಡಗಿನ ಕೆಲಸದವನು. ಎಷ್ಟು ಹೊತ್ತಲ್ಲಿ ಬರ್ತೀಯಾ?"

"ಐದ್ನಿ..." ಎಂದು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದ. "ಇಲ್ಲ ಅತ್ತಿಗೆ. ಸುಳ್ಳು ಹೇಳಲ್ಲ. ಬಸ್ಸುಗಳು ಅಡ್ಡಡ್ಡ ನಿಂತಿವೆ. ಇದು ಒನ್‌ವೇ ಬೇರೆ, ಪೂರ್ತಿ ಸುತ್ತು ಹಾಕ್ಬೇಕು. ಅಲ್ಲಿಗೆ ಬರೋಕೆ ನಲವತ್ತು ನಿಮಿಷ."

ನಲವತ್ತು ನಿಮಿಷವೆಂದರೆ ಒಂಬತ್ತಾಗುತ್ತದೆ. ಅಲ್ಲಿಂದ ಮತ್ತೆ ಅದೇ ಗದ್ದಲದಲ್ಲಿ ಹಿಂದಕ್ಕೆ ಬಂದು ನಿಲ್ದಾಣದ ದಾರಿ ಹಿಡಿಯಬೇಕು. ಹತ್ತೂಕಾಲಿಗೆ ಬ್ಯಾಗು ತೆಗೆದುಕೊಳ್ಳುವ ಕೌಂಟರು ಮುಚ್ಚುತ್ತದೆ.

"ಸುತ್ತು ಹಾಕ್ಬೇಡ. ನೇರವಾಗಿ ಹೋಗಿ ಸೇತುವೆ ಈಚೆ ಪೆಟ್ರೋಲ್ ಬಂಕಲ್ಲಿ ನಿಲ್ಲು. ಗೋದಾಮಿನ ಸಂದೀಲಿ ನಾನೇ ನಡೆಸ್ಕೊಂಡು ಕರ್ಕೊಂಡು ಬರ್ತೀನಿ."

"ನೀವಾ? ಆಫೀಸು?"

"ಆಫೀಸು ಎಲ್ಲಿಗೂ ಓಡಿ ಹೋಗಲ್ಲ."

ಮೈದುನನಿಗೆ ಫೋನು ಮಾಡಿ ಒಂಬತ್ತೂವರೆಯ ಕುಟುಂಬವನ್ನು ಅವನ ತಲೆಗೆ ಕಟ್ಟಿದರು. ಹಲ್ಲುಜ್ಜುತ್ತಲೇ "ಯಾಕತ್ತಿಗೇ, ಏನಾಯ್ತು" ಎಂದ. "ತಪ್ಪಾಯ್ತು" ಎಂದರು. ಅತ್ತಿಗೆಯ ಬಾಯಲ್ಲಿ ಆ ಪದ ಕೇಳಿ ಅಭ್ಯಾಸವಿಲ್ಲದ ಅವನು ಬಾಯಿ ಮುಕ್ಕಳಿಸಿ ನೇರ ಹೊರಟ. ಅತ್ತಿಗೆ ಬಾಗಿಲಿಗೆ ಬೀಗ ಹಾಕಿ, ಅಂಗಡಿ ಸಾಲು ಬಳಸಿ, ಗೇಟಿನ ಕಡೆಗೆ ಓಡಿದರು. ಐವತ್ತೆರಡರ ವಯಸ್ಸಿನಲ್ಲಿ ಚಪ್ಪಲಿಯಲ್ಲಿ ಓಡುವುದೆಂದರೆ ನೋಡುವವರಿಗೆ ಚಂದ. ಟಯರ್ ಅಂಗಡಿಯವನು ಕೈಲಿದ್ದ ಟಯರನ್ನು ಹಾಗೇ ಬಿಟ್ಟು ನೋಡಿದ. ಅದು ಉರುಳಿಕೊಂಡು ಚರಂಡಿಗೆ ಹೋಯಿತು.

ಗೇಟಿನ ಮನುಷ್ಯನಿಗೆ ಮೂವತ್ತರ ಆಸುಪಾಸು. ಕೈಗಳು ಬಿಸಿನೀರಿನಲ್ಲಿ ಬೆಂದಂತೆ ಕೆಂಪಗೆ ಸುಕ್ಕಾಗಿದ್ದವು. ಅತ್ತಿಗೆ ಅವನ ಹೆಸರು ಹಿಡಿದು ಕೇಳಿದ ಕೂಡಲೇ ಅವನು ಬ್ಯಾಗಿನ ಹಿಡಿ ಬಿಟ್ಟು ನೆಟ್ಟಗಾದ.

"ಹೌದು ಮೇಡಂ, ನಾನೇ. ಕ್ಷಮಿಸಿ. ನಾನೇ ತಪ್ಪು ಗೇಟಿಗೆ ಬಂದೆ ಅನ್ಸತ್ತೆ."

ಅವನು ಬೈದಿದ್ದರೆ ಅತ್ತಿಗೆಗೆ ಅಷ್ಟು ನೋಯುತ್ತಿರಲಿಲ್ಲ. "ನೀವು ಸರಿಯಾದ ಗೇಟಲ್ಲೇ ಇದೀರಪ್ಪ. ತಪ್ಪಿದ್ದು ನಾನು. ನಡೀರಿ, ಆಮೇಲೆ ಬೈಯೋರಂತೆ."

ಗೋದಾಮುಗಳ ನಡುವಿನ ಸಂದಿಯಲ್ಲಿ ನಡೆದರು. ನೆಲ ಹೊಂಡ ಬಿದ್ದಿತ್ತು. ಅವನ ಬ್ಯಾಗಿಗೆ ಎರಡರಲ್ಲಿ ಒಂದೇ ಗಾಲಿ. ಸ್ವಲ್ಪ ದೂರ ಎಳೆದು ನೋಡಿದ ಅವನು ಕೊನೆಗೆ ಎತ್ತಿ ಹೆಗಲಿಗೆ ಹಾಕಿಕೊಂಡ. ಅತ್ತಿಗೆ ಕೇಳದೆ ಅವನ ಕೈಚೀಲ ಕಿತ್ತುಕೊಂಡರು. ಬೇಡ ಬೇಡ ಎಂದ. ಸುಮ್ನಿರಿ ಎಂದರು.

"ಹಡಗಲ್ಲಿ ಏನು ಕೆಲಸ?"

"ಲಾಂಡ್ರಿ ಮೇಡಂ. ಹಾಸಿಗೆ ಬಟ್ಟೆ, ಟವೆಲ್ಲು. ಒಂಬತ್ತು ತಿಂಗಳಾಯ್ತು."

"ಗೇಟಲ್ಲಿ ಎಷ್ಟೊತ್ತಿಂದ ನಿಂತಿದ್ರಿ?"

"ಏಳೂ ಮೂವತ್ತೈದಕ್ಕೇ ಬಂದೆ. ವ್ಯಾನಲ್ಲಿ ಕೂತ್ಕೋ ಅಂದ್ರು. ಕೂತ್ರೆ ಕಾರು ಬಂದದ್ದು ಕಾಣಲ್ಲ ಅಂತ ನಿಂತೇ ಇದ್ದೆ."

ಅತ್ತಿಗೆ ನಡೆಯುವುದನ್ನು ಇನ್ನೂ ಜೋರು ಮಾಡಿದರು. ಅಮ್ಮನಿಗೆ ಏನು ತೊಂದರೆ ಎಂದು ಕೇಳಿದರು. ಹೊಟ್ಟೆಯಲ್ಲಿ ಗಡ್ಡೆಯಂತೆ. ಎರಡು ಸಲ ದಿನ ಗೊತ್ತಾಗಿ, ಎರಡು ಸಲವೂ ಅಮ್ಮ ಮಂಚದಿಂದ ಇಳಿದು ಮನೆಗೆ ಹೋಗಿಬಿಟ್ಟಿದ್ದಾರೆ.

"ಕಿರೀ ಮಗನ ಮುಖ ನೋಡ್ದೆ ಒಳಗೆ ಹೋಗಲ್ಲ ಅಂತ ಹಠ. ಡಾಕ್ಟ್ರಿಗೇ ಹೇಳಿದಾರೆ, ನೀವು ನನ್ನ ಮಲಗಿಸಿದ ಮೇಲೆ ಏಳ್ತೀನೋ ಇಲ್ವೋ, ಮೊದ್ಲು ನೋಡ್ಕೊಂಡ್ಬಿಡ್ತೀನಿ ಅಂತ. ಈ ಸಲ ತಪ್ಪಿದ್ರೆ ಮತ್ತೆ ದಿನ ಕೊಡಲ್ಲ ಅಂದಿದಾರೆ ಡಾಕ್ಟ್ರು. ಗಡ್ಡೆನೂ ಕಾಯಲ್ವಂತೆ."

"ಭಾರೀ ಹಠದ ಹೆಂಗಸು."

"ಅಯ್ಯೋ, ಕೇಳ್ಬೇಡಿ" ಎಂದು ಅವನು ಮೊದಲ ಸಲ ನಕ್ಕ.

ಪೆಟ್ರೋಲ್ ಬಂಕಿನಲ್ಲಿ ಕಾರು ಬಾಗಿಲು ತೆರೆದೇ ನಿಂತಿತ್ತು. ಎಂಟೂ ಐವತ್ತು. ಅತ್ತಿಗೆ ಏದುಸಿರು ಬಿಡುತ್ತ ಕೈಚೀಲವನ್ನು ಸೀಟಿಗೆ ಹಾಕಿದರು.

"ಎಷ್ಟೊತ್ತು ಬೇಕು?" ಎಂದು ಐದ್ನಿಮಿಷನನ್ನು ಕೇಳಿದರು.

"ಒಂದು ಗಂಟೆ ಐದು ನಿಮಿಷ" ಎಂದ ಅವನು, ಗಡಿಯಾರ ನೋಡಿಕೊಂಡು. ಅವನ ಬಾಯಿಂದ ಅಷ್ಟು ದೊಡ್ಡ ಲೆಕ್ಕ ಯಾರೂ ಕೇಳಿರಲಿಲ್ಲ.

ಆಫೀಸಿಗೆ ಮರಳಿದ ಅತ್ತಿಗೆ ಹತ್ತೂಕಾಲಿನವರೆಗೆ ಗಡಿಯಾರ ನೋಡುತ್ತಲೇ ಇದ್ದರು. ಹಸಿರು ಚೀಟಿಯವರ ಫೋನುಗಳನ್ನು ಎತ್ತಿದರು, ಉತ್ತರ ಕೊಟ್ಟರು, ಏನು ಹೇಳಿದರೆಂದು ಅವರಿಗೇ ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಿ ತಾವೇ ಹೊಡೆದುಹಾಕಿದ್ದ ಏಳೂ ಮುಕ್ಕಾಲು ಕಣ್ಣಿಗೆ ಕುಕ್ಕುತ್ತಿತ್ತು. ಅವನು ಬರೆದ ವೇಳೆ ಸರಿಯಾಗಿಯೇ ಇತ್ತು. ಹತ್ತು ನಿಮಿಷ ಮೊದಲೇ ಬಂದು ನಿಂತಿದ್ದ.

ಹತ್ತೂ ಹದಿನೆಂಟಕ್ಕೆ ಫೋನು ಬಡಿಯಿತು.

"ಒಳಗೆ ಹೋದ ಅತ್ತಿಗೆ. ಕೌಂಟರ್ ಹುಡುಗಿ ಮುಚ್ಚೋಕೆ ಎದ್ದಿದ್ಳು. ಬ್ಯಾಗು ತಗೊಂಡ್ಳು. ನಾನೂ ಒಳಗೆ ತನಕ ಓಡಿದ್ದೆ, ಕಾರಿಗೆ ದಂಡದ ಚೀಟಿ ಅಂಟಿಸಿದಾರೆ ಪೊಲೀಸ್ನೋರು."

"ಅಂಟಿಸಲಿ ಬಿಡು" ಎಂದು ಅತ್ತಿಗೆ ಫೋನಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು. ಬರೀ ಬೆವರಲ್ಲ ಅದು.

ಸಂಜೆ ಮನೆಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದರು. ಯಜಮಾನರ ಜೊತೆ ಮಾತಾಡುವುದೆಂದರೆ ಇಡೀ ಬೀದಿಗೆ ವರದಿ ಒಪ್ಪಿಸಿದಂತೆ. ಮೂರನೇ ಮನೆಯವರೂ ಕಿಟಕಿಗೆ ಬಂದಿದ್ದರು. ಅತ್ತಿಗೆ ಏನನ್ನೂ ಮುಚ್ಚಿಡಲಿಲ್ಲ. ಚೀಟಿ ಕೇಳಿದ್ದು, ವೇಳೆ ಹೊಡೆದದ್ದು, ಬೀರುವಿನ ಸಂದಿಯಿಂದ ನೋಡಿದ್ದು, ಎಲ್ಲವನ್ನೂ ಗಂಟಲು ಕಿತ್ತುಹೋಗುವಂತೆ ಹೇಳಿದರು.

ಯಜಮಾನರು ಮಂಡಿಗೆ ಎಣ್ಣೆ ಹಚ್ಚುತ್ತ ಕೂತಿದ್ದವರು ಕೈ ನಿಲ್ಲಿಸಿದರು.

"ವ್ಯಾನಲ್ಲಿ ಕೂತಿರ್ಲಿಲ್ವಾ ಅವನು?"

"ಇಲ್ಲ! ನಿಂತೇ ಇದ್ದ! ಕೂತ್ರೆ ಕಾರು ಕಾಣಲ್ಲ ಅಂತ!"

"ಜಾಣ" ಎಂದರು ಯಜಮಾನರು. ಎಣ್ಣೆ ಬೆರಳುಗಳನ್ನು ಮಂಡಿಗೇ ಒರೆಸಿಕೊಂಡು, "ನಾನು ಕೂತಿದ್ದೆ" ಎಂದರು.

ನೀವು ನಿಂತಿದ್ದರೂ ಆಗ ಅಲ್ಲಿ ಯಾವ ಕಾರೂ ಬರುತ್ತಿರಲಿಲ್ಲ ಎಂದು ಕೂಗಿ ಹೇಳುವ ಮಾತಲ್ಲ. ಅತ್ತಿಗೆ ಎಣ್ಣೆಯ ಬಟ್ಟಲು ತೆಗೆದುಕೊಂಡು ಅವರ ಮಂಡಿಗೆ ತಾವೇ ಹಚ್ಚಿದರು.

ಮರುದಿನ ಹಡಗು ಇರಲಿಲ್ಲ. ಮೈದುನನೂ ಐದ್ನಿಮಿಷನೂ ಸೇರಿ ಬೀರುವನ್ನು ಬಾಗಿಲ ಪಕ್ಕಕ್ಕೆ ಎಳೆದರು. ಅತ್ತಿಗೆ ಕಿಟಕಿ ಒರೆಸಿ, ಬಿಸಿಲಿಗೆ ಒಂದು ಪರದೆ ಕಟ್ಟಿದರು. ನೋಟ್‌ಬುಕ್ಕಿನಲ್ಲಿ ಬಣ್ಣದ ಕಾಲಮ್ಮಿಗಿಂತ ಮೊದಲು ಇನ್ನೊಂದು ಗೆರೆ ಎಳೆದು 'ಯಾವ ಗೇಟು' ಎಂದು ಬರೆದರು. ಜಂಬ ಪೂರ್ತಿ ಇಳಿಯಿತು ಎನ್ನಲಾರೆ. ಹೊಸ ಕಾಲಮ್ಮಿನ ಬಗ್ಗೆ ಆಗಲೇ ಇಬ್ಬರಿಗೆ ಪಾಠ ಮಾಡಿದ್ದರು.

ಮೂರನೆಯ ದಿನ ಸಂಜೆ, ಮನೆಯಲ್ಲಿದ್ದಾಗ, ಲಾಂಡ್ರಿಯವನ ಸಂದೇಶ ಬಂತು. ಅತ್ತಿಗೆ ಮೊದಲು ತಮ್ಮಷ್ಟಕ್ಕೆ ಓದಿಕೊಂಡರು. ಆಮೇಲೆ ಯಜಮಾನರ ಕುರ್ಚಿಯ ಹತ್ತಿರ ಹೋಗಿ ಜೋರಾಗಿ ಓದಿದರು.

"'ಆಪರೇಷನ್ ಆಯಿತು ಮೇಡಂ. ಅಮ್ಮ ಕಣ್ಣು ಬಿಟ್ಟಿದ್ದಾರೆ. ಒಳಗೆ ಕರೆದೊಯ್ಯುವ ಮುಂಚೆ ನನ್ನ ಮುಖ ಹಿಡಿದು ನೋಡಿ, ಸೊರಗಿದ್ದೀಯಲ್ಲೋ ಎಂದು ಬೈದು, ಆಮೇಲೆ ಡಾಕ್ಟರಿಗೆ ಇನ್ನು ನಡೀರಿ ಎಂದರು.'"

"ಏನು?" ಎಂದರು ಯಜಮಾನರು.

ಅತ್ತಿಗೆ ಇನ್ನೊಮ್ಮೆ, ಇನ್ನೂ ಜೋರಾಗಿ ಓದಿದರು. ಪಕ್ಕದ ಮನೆಯ ನಾಯಿ ಬೊಗಳಿತು.

"ಕೇಳಿಸ್ಲಿಲ್ಲ" ಎಂದರು ಯಜಮಾನರು, ಮುಖವನ್ನು ಆಚೆ ತಿರುಗಿಸಿಕೊಂಡು. "ಇನ್ನೊಂದ್ಸಲ ಓದು."

ಮೊದಲ ಸಲವೇ ಅವರಿಗೆ ಎಲ್ಲ ಕೇಳಿಸಿದೆಯೆಂದು ಅತ್ತಿಗೆಗೆ ಗೊತ್ತಿತ್ತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು, ಈ ಸಲ ಮೆಲ್ಲಗೆ, ಮೊದಲಿನಿಂದ ಓದಿದರು.